ಸರ್, ಒಂದು ವಿಷಯ ಹೇಳಬೇಕಿತ್ತು

ಐರೋಲಿಯ ನಮ್ಮ ಆಫೀಸಿನಲ್ಲಿ ನನ್ನ ಕುರ್ಚಿ ಕಿಟಕಿ ಪಕ್ಕದಲ್ಲಿದೆ. ಯಾರಾದರೂ ಬಂದು ಏನೂ ಮಾತಾಡದೆ ಒಂದೈದು ಸೆಕೆಂಡ್ ನಿಂತರೆ ನನಗೆ ಗೊತ್ತಾಗುತ್ತದೆ, ಎಲ್ಲೋ ಏನೋ ಕೆಟ್ಟಿದೆ. ರಜೆ ಕೇಳುವವರು ಹಾಗೆ ನಿಲ್ಲುವುದಿಲ್ಲ, ದೂರದಿಂದಲೇ ನಗುತ್ತಾ ಬರುತ್ತಾರೆ. ಕೆಲಸ ಬಿಡುವವರು ಮೊದಲೇ ಮೆಸೇಜ್ ಹಾಕಿ, ಮೀಟಿಂಗ್ ರೂಮ್ ಖಾಲಿ ಇದೆಯಾ ಎಂದು ನೋಡಿಕೊಂಡಿರುತ್ತಾರೆ. ಐಡಿ ಕಾರ್ಡಿನ ದಾರ ತಿರುಚುತ್ತಾ ನಿಂತು, “ಸರ್, ಒಂದು ವಿಷಯ ಹೇಳಬೇಕಿತ್ತು” ಎನ್ನುವವರ ಹತ್ತಿರ ಮಾತ್ರ ಕೆಟ್ಟ ಸುದ್ದಿ ಇರುತ್ತದೆ. ಆ ಮಾತು ಹಿಂದಿಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಬರುತ್ತದೆ. ಒಮ್ಮೆ ಕನ್ನಡದಲ್ಲಿ ಬರಬೇಕಿತ್ತು, ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದನ್ನು ನನ್ನಷ್ಟಕ್ಕೆ ಒಪ್ಪಿಕೊಳ್ಳುವುದಕ್ಕೇ ನನಗೆ ತಿಂಗಳುಗಟ್ಟಲೆ ಬೇಕಾಯಿತು.

2015ರ ಕೊನೆಯಲ್ಲಿ ನಮ್ಮ ಟೀಮಿಗೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಬಂದ. ಎರಡು ವರ್ಷದ ಅನುಭವ, ಮಾತು ಕಡಿಮೆ, ಕೆಲಸ ಚುರುಕು. ನಾನು ಕನ್ನಡದವನು ಎಂದು ಗೊತ್ತಾದ ದಿನ ಅವನ ಮುಖ ಅರಳಿದ್ದು ಇನ್ನೂ ನೆನಪಿದೆ. ಊರಿಗೆ ಹೋಗಿ ಬಂದವನು ಅಮೀನಗಡದ ಕರದಂಟಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, “ಮನ್ಯಾಗ ಮಕ್ಕಳಿಗೆ ಕೊಡ್ರಿ ಸರ್” ಎಂದಿದ್ದ. ಹನ್ನೊಂದು ಜನರ ಟೀಮಿನಲ್ಲಿ ಮರಾಠಿ, ಗುಜರಾತಿ, ತಮಿಳು, ಮಲಯಾಳ ಎಲ್ಲ ಇತ್ತು. ಕನ್ನಡದವರು ನಾವಿಬ್ಬರೇ.

ಹೊರನಾಡಿನಲ್ಲಿ ಮ್ಯಾನೇಜರ್ ಆದವರಿಗೆ ಒಂದು ವಿಚಿತ್ರ ರೋಗ ಇರುತ್ತದೆ. ನಮ್ಮವರನ್ನು ಮೇಲೆತ್ತಿದ ಎಂಬ ಮಾತು ಬರಬಾರದೆಂದು ನಮ್ಮವರ ಮೇಲೆಯೇ ಹೆಚ್ಚು ಬಿಗಿಯಾಗುತ್ತೇವೆ. ಅವನು ಕ್ಯಾಂಟೀನಿನಲ್ಲಿ ಕನ್ನಡದಲ್ಲಿ ಏನಾದರೂ ಕೇಳಿದರೆ ನಾನು ಸುತ್ತ ನೋಡಿ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅದಕ್ಕೆ ನಿಷ್ಪಕ್ಷಪಾತ ಎಂದು ನಾನೇ ಹೆಸರಿಟ್ಟುಕೊಂಡಿದ್ದೆ.

2016ರ ಜುಲೈ. ಅಮೆರಿಕದ ಒಂದು ವಿಮಾ ಕಂಪನಿ ನಮ್ಮ ಕ್ಲೈಂಟ್. ದಿನವೂ ರಾತ್ರಿ ಒಂಬತ್ತೂವರೆಗೆ ಸ್ಟೇಟಸ್ ಕಾಲ್. ಆ ದಿನ ಒಂದು ರಿಪೋರ್ಟಿನಲ್ಲಿ ಮೊತ್ತಗಳು ತಪ್ಪಾಗಿ ಹೋಗಿದ್ದವು. ಆ ಕಡೆಯ ಮ್ಯಾನೇಜರ್ ವಿಷಯ ಎತ್ತಿದ ತಕ್ಷಣ, ಎಲ್ಲರೂ ಲೈನಿನಲ್ಲಿರುವಾಗಲೇ, ಇದನ್ನು ಮಾಡಿದ್ದು ಯಾರು ಎಂದು ನಾನು ಕೇಳಿದೆ. “ನಾನು” ಎಂದ ಹುಡುಗ. ಎಂಟರ್ ಒತ್ತುವ ಮೊದಲು ಓದಬೇಕು ಎನ್ನುವುದನ್ನು ನಿಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಲಿಲ್ಲವೇ ಎಂದೆ. ಇಂಗ್ಲಿಷಿನಲ್ಲಿ, ಚೆನ್ನಾಗಿ ಜೋಡಿಸಿದ ವಾಕ್ಯ. ಇಬ್ಬರು ಮೂವರು ನಕ್ಕರು. ಕ್ಲೈಂಟ್ ಥ್ಯಾಂಕ್ಸ್ ಹೇಳಿದ. ಡೊಂಬಿವಲಿಗೆ ಹೋಗುವ ಕೊನೆಕೊನೆಯ ಲೋಕಲ್‌ನಲ್ಲಿ ಕೂತು, ಇವತ್ತು ಪರಿಸ್ಥಿತಿಯನ್ನು ಸರಿಯಾಗಿ ನಿಭಾಯಿಸಿದೆ ಎಂದೇ ಅಂದುಕೊಂಡೆ. ಹುಡುಗನ ಮುಖ ನಾನು ನೋಡಿರಲಿಲ್ಲ, ಅವನು ಘನ್ಸೋಲಿಯ ಪಿಜಿಯಿಂದ ಕಾಲ್‌ಗೆ ಬಂದಿದ್ದ.

ಆರು ವಾರದ ನಂತರ ಬಿಲ್ ಬಂತು. ರಾತ್ರಿ ಎರಡಕ್ಕೆ ಓಡುವ ಒಂದು ಜಾಬ್ ಇತ್ತು. ಆ ದಿನದ ಪ್ರೀಮಿಯಂ ಹಣದ ಫೈಲುಗಳನ್ನು ತೆಗೆದುಕೊಂಡು ಒಂದೊಂದನ್ನೂ ಪಾಲಿಸಿ ಖಾತೆಗೆ ಹೊಂದಿಸುವುದು ಅದರ ಕೆಲಸ. ಹುಡುಗ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ಕೆಲವು ಶಾಖೆಗಳ ಹಣ ಬೇರೆ ಖಾತೆಗಳಿಗೆ ಹೋಗಿ ಕೂರತೊಡಗಿತು. ಸೋಮವಾರ ಬೆಳಿಗ್ಗೆಯೇ ಅವನಿಗೆ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಕಂಡಿತ್ತು. ಆಗಲೇ ಹೇಳಿದ್ದರೆ ಭಾನುವಾರದ ಬ್ಯಾಕಪ್ ವಾಪಸ್ ಹಾಕಿ ಜಾಬ್ ಮತ್ತೆ ಓಡಿಸಿದರೆ ಮುಗಿಯುತ್ತಿತ್ತು, ಹೆಚ್ಚೆಂದರೆ ಅರ್ಧ ದಿನದ ಕೆಲಸ. ಅವನು ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಸರಿಮಾಡಲು ನೋಡಿದ. ಬ್ಯಾಕಪ್ ಮೂರು ದಿನಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ. ಶುಕ್ರವಾರ ಕ್ಲೈಂಟಿನ ಕಡೆಯಿಂದಲೇ ಫೋನ್ ಬಂದಾಗ ಸರಿಯಿದ್ದ ಕಾಪಿ ಎಲ್ಲೂ ಇರಲಿಲ್ಲ.

ಅವತ್ತು ಸೆಪ್ಟೆಂಬರ್ 2. ಸೋಮವಾರ ಗಣೇಶ ಚತುರ್ಥಿ. ಮುಂಬೈಯಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತು ದಿನ ಇಡೀ ಟೀಮ್ ಆಫೀಸಿನಲ್ಲಿ ಕೂತು ಮೂಲ ಫೈಲುಗಳನ್ನು ತರಿಸಿಕೊಂಡು ಒಂದೊಂದು ಸಾಲನ್ನೂ ಕೈಯಿಂದ ಹೊಂದಿಸಿತು. ಲಾಲ್‌ಬಾಗ್‌ನ ಹುಡುಗಿಯೊಬ್ಬಳು ತನ್ನ ಮನೆಯ ಗಣಪತಿಯ ಆರತಿಯನ್ನು ಮೊಬೈಲಿನಲ್ಲಿ ನೋಡಿದಳು. ಐದು ದಿನದ ಗಣಪತಿ ನೀರಿಗೆ ಹೋದ ಸಂಜೆ ರಸ್ತೆಯ ಢೋಲು ಏಳನೇ ಮಹಡಿಗೂ ಕೇಳುತ್ತಿತ್ತು. ಯಾರೂ ಹುಡುಗನ ಜೊತೆ ಮಾತಾಡುತ್ತಿರಲಿಲ್ಲ. ನಾನೂ.

ಕೊನೆಯ ದಿನ ಚಹಾ ಮೆಷಿನ್ನಿನ ಹತ್ತಿರ ಅವನನ್ನು ಹಿಡಿದು, ಆ ಟೀಮಿಗೆ ಬಂದ ಮೇಲೆ ಮೊದಲ ಸಲವೇನೋ ಎಂಬಂತೆ, ಆಫೀಸಿನೊಳಗೆ ಕನ್ನಡದಲ್ಲಿ ಕೇಳಿದೆ. “ಸೋಮವಾರಾನೇ ಗೊತ್ತಿತ್ತಲ್ಲ, ನನಗೆ ಯಾಕೆ ಹೇಳಲಿಲ್ಲ?”

“ಹೇಳೂಣಂತ ನಿಮ್ಮ ಟೇಬಲ್ ಮಟ ಬಂದಿದ್ದೆ ಸರ್,” ಎಂದ. “ಆ ಕಾಲ್ ನೆನಪಾತು. ತಿರುಗಿ ಹೋದೆ.”

ನನಗೆ ಸಿಟ್ಟೇ ಬಂತು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ನಷ್ಟವೇ ಎಂದು. ಮಾರನೇ ದಿನ ಕ್ಲೈಂಟಿಗೆ ಕಳಿಸುವ ಎಕ್ಸೆಲ್ ಶೀಟಿನಲ್ಲಿ ‘ರೂಟ್ ಕಾಸ್’ ಎಂಬ ಕಾಲಮ್ಮಿನಲ್ಲಿ ಅವನ ಪೂರ್ತಿ ಹೆಸರು ಬರೆದು, ಮುಂದೆ ‘ಹ್ಯೂಮನ್ ಎರರ್’ ಎಂದು ಸೇರಿಸಿದೆ. ಇನ್ನೊಂದು ಸಂಗತಿಯನ್ನು ಅದೇ ಶೀಟಿನ ಕೆಳಗೆಲ್ಲೋ ಸಣ್ಣದಾಗಿ ಹಾಕಿದ್ದೆ: ಸ್ಟೋರೇಜ್ ಖರ್ಚು ಉಳಿಸಲು ಬ್ಯಾಕಪ್ಪನ್ನು ಹದಿನಾಲ್ಕು ದಿನದಿಂದ ಮೂರು ದಿನಕ್ಕೆ ಇಳಿಸಲು ಏಪ್ರಿಲ್‌ನಲ್ಲಿ ನಿರ್ಧರಿಸಲಾಗಿತ್ತು. ನಿರ್ಧರಿಸಲಾಗಿತ್ತು! ನಿರ್ಧರಿಸಿದವನು ನಾನು. ಆ ಮೇಲ್‌ಗೆ ‘ಅಪ್ರೂವ್ಡ್’ ಎಂದು ಉತ್ತರ ಬರೆದದ್ದು ನಾನು. ಇಂಗ್ಲಿಷಿನ ಕರ್ಮಣಿ ಪ್ರಯೋಗ ಮ್ಯಾನೇಜರುಗಳಿಗಾಗಿಯೇ ಹುಟ್ಟಿದ್ದಿರಬೇಕು.

ಆಗ ನಮ್ಮಲ್ಲಿ ಬೆಲ್ ಕರ್ವ್ ಇತ್ತು. ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಒಬ್ಬರನ್ನಾದರೂ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಲೇಬೇಕು. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ಈ ಪದ್ಧತಿಯನ್ನು 2013ರ ನವೆಂಬರಿನಲ್ಲಿ ಕೈಬಿಟ್ಟಿತ್ತು. ನಾವು ಇನ್ನೂ ಶ್ರದ್ಧೆಯಿಂದ ಪಾಲಿಸುತ್ತಿದ್ದೆವು. ಆ ವರ್ಷ ಯಾರ ಹೆಸರು ಹಾಕಬೇಕು ಎಂದು ನನಗೆ ಯೋಚನೆ ಮಾಡಬೇಕಾಗಿ ಬರಲಿಲ್ಲ, ಎಕ್ಸೆಲ್ ಶೀಟ್ ಇತ್ತಲ್ಲ. ಡಿಸೆಂಬರಿನಲ್ಲಿ ಅವನು ರಾಜೀನಾಮೆ ಕೊಟ್ಟ. ಬೀಳ್ಕೊಡುಗೆಯ ಕೇಕ್ ಕತ್ತರಿಸುವಾಗ ನಾನು ಕ್ಲೈಂಟ್ ಕಾಲ್‌ನಲ್ಲಿದ್ದೆ.

2017ರ ಫೆಬ್ರವರಿಯ ಒಂದು ಬೆಳಿಗ್ಗೆ, ಡೊಂಬಿವಲಿಯಿಂದ ಠಾಣೆಗೆ ಹೋಗುವ ಗಾಡಿಯಲ್ಲಿ ಒಂದು ಕೈ ಹ್ಯಾಂಡಲ್‌ನಲ್ಲಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಗಿಟ್‌ಲ್ಯಾಬ್ ಕಂಪನಿಯ ಒಂದು ವರದಿ ಓದಿದೆ. ನಮ್ಮ ವೃತ್ತಿಯವರು ಹಲವರು ಆಗ ಅದನ್ನು ಓದಿದ್ದರು. ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಇಂಜಿನಿಯರ್ ಎರಡನೇ ಸರ್ವರಿನಲ್ಲಿ ಅಳಿಸಬೇಕಿದ್ದ ಡೇಟಾವನ್ನು ಮುಖ್ಯ ಸರ್ವರಿನಲ್ಲೇ ಅಳಿಸಿಬಿಟ್ಟಿದ್ದ. ಎಚ್ಚರಗೊಂಡು ನಿಲ್ಲಿಸುವಷ್ಟರಲ್ಲಿ 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಬ್ಯಾಕಪ್ಪಿಗೆಂದು ಐದು ವ್ಯವಸ್ಥೆಗಳಿದ್ದವು, ಐದೂ ಕೈಕೊಟ್ಟವು. ಆರು ಗಂಟೆ ಮೊದಲು ಬೇರೆ ಕೆಲಸಕ್ಕಾಗಿ ಯಾರೋ ತೆಗೆದಿಟ್ಟಿದ್ದ ಒಂದು ಕಾಪಿಯಿಂದ ಕಂಪನಿ ಬದುಕಿಕೊಂಡಿತು. ಸರಿಮಾಡುವ ಕೆಲಸವನ್ನು ಅವರು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆಮೇಲೆ ಬಂದ ವರದಿಯಲ್ಲಿ ಆ ಇಂಜಿನಿಯರಿಗೆ ಹೆಸರಿಲ್ಲ, ‘ಟೀಮ್ ಮೆಂಬರ್ 1’ ಎಂದಷ್ಟೇ ಇತ್ತು. ಉಳಿದ ಪುಟಗಳೆಲ್ಲ ಬ್ಯಾಕಪ್ ಯಾಕೆ ಕೆಲಸ ಮಾಡಲಿಲ್ಲ, ಅದನ್ನು ಯಾರೂ ಯಾಕೆ ಪರೀಕ್ಷಿಸಿರಲಿಲ್ಲ ಎಂಬುದರ ಬಗ್ಗೆ.

ದಿವಾ ದಾಟಿದ ಮೇಲೆ ಸುರಂಗದಲ್ಲಿ ನೆಟ್‌ವರ್ಕ್ ಹೋಯಿತು. ಹೋದ ಪರದೆಯನ್ನೇ ನೋಡುತ್ತಾ ನಿಂತಿದ್ದೆ.

ಆಮೇಲೆ ಒಂದಷ್ಟು ಓದಿದೆ. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಎಂಬಾಕೆ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಲು ಹೋಗಿ, ಒಳ್ಳೆಯ ಟೀಮುಗಳಲ್ಲಿ ತಪ್ಪು ಕಡಿಮೆ ಇರಬಹುದೆಂದು ಎಣಿಸಿದ್ದರು. ಲೆಕ್ಕ ನೋಡಿದರೆ ಒಳ್ಳೆಯ ಟೀಮುಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು! ಅಲ್ಲಿನ ನರ್ಸ್‌ಗಳು ತಪ್ಪನ್ನು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಆಕೆ ಬರೆದ ಪ್ರಬಂಧದಿಂದ ‘ಸೈಕಲಾಜಿಕಲ್ ಸೇಫ್ಟಿ’ ಎಂಬ ಮಾತು ನಮ್ಮ ಕ್ಷೇತ್ರದವರ ಬಾಯಿಗೂ ಬಂತು. ಗೂಗಲ್ ಕೂಡ 2012ರಿಂದ ತನ್ನ ಸುಮಾರು 180 ಟೀಮುಗಳನ್ನು ನೋಡಿ, ಯಾರು ಯಾರು ಇದ್ದಾರೆ ಎನ್ನುವುದಕ್ಕಿಂತ ಅವರು ಒಬ್ಬರಿಗೊಬ್ಬರು ಹೆದರದೆ ಮಾತಾಡುತ್ತಾರೆಯೇ ಎನ್ನುವುದೇ ದೊಡ್ಡದು ಎಂಬಲ್ಲಿಗೆ ಬಂತು. ಇದನ್ನು ‘ಮಾನಸಿಕ ಸುರಕ್ಷತೆ’ ಎಂದು ಅನುವಾದಿಸಿದರೆ ಯಾಕೋ ಆಸ್ಪತ್ರೆಯ ವಾರ್ಡಿನ ಬೋರ್ಡಿನಂತೆ ಕೇಳಿಸುತ್ತದೆ. ನನಗೆ ಅದು ಅರ್ಥವಾದದ್ದು ನನ್ನ ಸೋದರಮಾವನ ಇಡ್ಲಿ ಹಿಟ್ಟಿನಲ್ಲಿ.

2004ರಲ್ಲಿ ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಮತ್ಸ್ಯಗಂಧದಲ್ಲಿ ಕುರ್ಲಾಕ್ಕೆ ಬಂದಿಳಿದಾಗ ನನಗೆ ಮೊದಲ ನಾಲ್ಕು ತಿಂಗಳು ನೆಲೆ ಕೊಟ್ಟದ್ದು ಮಾಟುಂಗದಲ್ಲಿದ್ದ ಮಾವನ ಹೋಟೆಲಿನ ಅಟ್ಟ. ಆ ಪ್ರದೇಶ ನಮ್ಮ ಕಡೆಯವರ ಹೋಟೆಲುಗಳದ್ದೇ. ಸ್ಟೇಷನ್ ಪಕ್ಕದ ರಾಮ ನಾಯಕರ ಬೋರ್ಡಿಂಗ್ 1942ರದ್ದು. ಮಾವ ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿಗೆ ಬಂದು ಕಪ್ಪು ಬಸಿ ತೊಳೆಯುತ್ತಾ, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಹೋಟೆಲ್ ಹುಡುಗರಿಗಾಗಿಯೇ ಅಂಥ ಶಾಲೆಗಳು ಈ ಊರಿನಲ್ಲಿ ಹಲವಿದ್ದವು. ನಾನು ಅಟ್ಟದಲ್ಲಿ ಮಲಗಿದ್ದ ಒಂದು ಬೆಳಗಿನ ಜಾವ ಕೆಳಗೆ ಅಡುಗೆಮನೆಯ ಹುಡುಗ ಮಾವನನ್ನು ಎಬ್ಬಿಸಿದ. ರಾತ್ರಿ ಹಿಟ್ಟನ್ನು ಒಲೆಯ ಪಕ್ಕದಲ್ಲೇ ಬಿಟ್ಟಿದ್ದನಂತೆ, ಪೂರಾ ಹುಳಿಯಾಗಿದೆ ಎಂದ. ನಾನು ಏಟಿನ ಸದ್ದಿಗಾಗಿ ಕಾಯುತ್ತಿದ್ದೆ. ಮಾವ ಕೇಳಿದ್ದು ಇಷ್ಟೇ: “ಎಷ್ಟು ಪಾತ್ರೆ?”

ಎರಡು ಎಂದ ಹುಡುಗ. ಮಾವ ಎದ್ದು ಬಂದು ಮೂಸಿ ನೋಡಿ, ಎರಡನ್ನೂ ಮೋರಿಗೆ ಚೆಲ್ಲಿಸಿ, ರವೆ ಹುರಿಯಲು ಹೇಳಿದರು. ಅವತ್ತು ಹೋಟೆಲಿನಲ್ಲಿ ಇಡ್ಲಿ ಇರಲಿಲ್ಲ, ಉಪ್ಪಿಟ್ಟು ಇತ್ತು. ಮಧ್ಯಾಹ್ನ ನಾನು ಕೇಳಿದೆ, ಬೈಯಲೇ ಇಲ್ಲವಲ್ಲ ಮಾವ, ಎಂದು. “ಇವತ್ತು ಬೈದ್ರೆ ನಾಳೆ ಹುಳಿ ಹಿಟ್ಟಿನ ಇಡ್ಲಿಯೇ ಬೇಯಿಸಿ ಗಿರಾಕಿಗೆ ಕೊಡ್ತಾನೆ ಮಾರಾಯ. ಅವ ಹೇಳದಿದ್ರೆ ನಂಗೆ ಗೊತ್ತಾಗುದು ಹ್ಯಾಂಗೆ?” ಎಂದು ಗಲ್ಲಾದ ಚಿಲ್ಲರೆ ಎಣಿಸತೊಡಗಿದರು.

ಮಾವ ದೇವರಂಥ ಮನುಷ್ಯ ಎಂದು ಹೇಳುತ್ತಿಲ್ಲ. ಹುಡುಗರನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ದುಡಿಸುತ್ತಿದ್ದರು, ಸಂಬಳ ಹೆಚ್ಚಿಸಲು ಮೂರು ಸಲ ಕೇಳಿಸಿಕೊಳ್ಳುತ್ತಿದ್ದರು, ಗ್ಲಾಸ್ ಒಡೆದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಆದರೆ ಹೊಟ್ಟೆಗೆ ಹೋಗುವ ವಸ್ತುವಿನ ಬಗ್ಗೆ ಯಾರು ಏನು ಬಂದು ಹೇಳಿದರೂ ‘ಯಾರು’ ಎಂದು ಕೇಳುತ್ತಿರಲಿಲ್ಲ. ‘ಎಷ್ಟು’ ಎಂದು ಕೇಳುತ್ತಿದ್ದರು. ನಾಲ್ಕು ತಿಂಗಳು ಅದರ ಮೇಲಿನ ಅಟ್ಟದಲ್ಲೇ ಮಲಗಿದ್ದ ನನಗೆ, ಹನ್ನೆರಡು ವರ್ಷದ ನಂತರ ಹನ್ನೊಂದು ಜನರ ಮುಂದೆ ಬಾಯಿಗೆ ಬಂದ ಮೊದಲ ಪದ ‘ಯಾರು’.

ಟೀಮಿನ ಸಂಸ್ಕೃತಿ ಕಟ್ಟುವುದು ಹೇಗೆ ಎಂದು ಕಂಪನಿ ನಮಗೆ ಕಲಿಸಿಲ್ಲ ಎಂದಲ್ಲ. ಒಮ್ಮೆ ಲೋಣಾವಳದ ರಿಸಾರ್ಟಿಗೆ ಕರೆದೊಯ್ದು ಕಣ್ಣುಮುಚ್ಚಿ ಹಿಂದಕ್ಕೆ ಬೀಳಿಸಿ ಸಹೋದ್ಯೋಗಿಗಳಿಂದ ಹಿಡಿಸಿದ್ದರು. ನನ್ನನ್ನು ಹಿಡಿಯಲು ನಾಲ್ಕು ಜನ ಬೇಕಾಯಿತು. ಸೋಮವಾರ ಆಫೀಸಿಗೆ ಬಂದರೆ ಎಲ್ಲ ಮೊದಲಿನಂತೆಯೇ ಇತ್ತು.

ಈ ಊರಿನಲ್ಲಿ ಟೀಮಿನ ಸಂಸ್ಕೃತಿ ಎನ್ನುವುದು ಅರ್ಧ ರೈಲಿನ ಟೈಮ್‌ಟೇಬಲ್ಲಿನಲ್ಲೇ ಇದೆ ಎಂದು ನನಗೆ ತಡವಾಗಿ ತಿಳಿಯಿತು. ಒಂಬತ್ತೂವರೆಯ ಕಾಲ್ ಹತ್ತೂವರೆಗೆ ಮುಗಿದರೆ, ಬದ್ಲಾಪುರದ ಹುಡುಗಿ ಐರೋಲಿಯಿಂದ ಠಾಣೆಗೆ ಬಂದು ಗಾಡಿ ಬದಲಿಸಿ ಮನೆ ಸೇರುವಾಗ ಹನ್ನೆರಡೂವರೆ. ಬೆಳಿಗ್ಗೆ ಆರಕ್ಕೆ ನೀರು ಬರುವ ಹೊತ್ತಿಗೆ ಎದ್ದಿರಬೇಕು. ಅಂಥವಳಿಗೆ ಆ ಕಾಲ್‌ನಲ್ಲಿ ಹೊಸ ತೊಂದರೆಯೊಂದನ್ನು ಬಾಯಿಬಿಟ್ಟು ಹೇಳಿ ಇನ್ನರ್ಧ ಗಂಟೆ ಬೆಳೆಸುವ ಮನಸ್ಸಾದರೂ ಹೇಗೆ ಬರಬೇಕು? ಎಲ್ಲ ಸರಿಯಿದೆ ಎಂದು ಹೇಳಿ ಚಪ್ಪಲಿ ಹಾಕಿಕೊಳ್ಳುತ್ತಾಳೆ. ನಾನು ಧೈರ್ಯ ಮಾಡಿ ಕ್ಲೈಂಟನ್ನು ಕೇಳಿದೆ, ಬೇಸಿಗೆಯಲ್ಲಿ ನಮ್ಮ ಸಂಜೆ ಆರೂವರೆ ಎಂದರೆ ನಿಮಗೆ ಬೆಳಿಗ್ಗೆ ಒಂಬತ್ತು, ಆಗ ಮಾತಾಡೋಣವೇ ಎಂದು. ಖಂಡಿತ ಎಂದ. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೂ ಕೇಳಿದ. ಎರಡೂವರೆ ವರ್ಷ ನಾವು ಮಧ್ಯರಾತ್ರಿ ಮನೆ ಸೇರಿದ್ದು ಯಾರೂ ಹಾಕದ ನಿಯಮಕ್ಕಾಗಿ. ಮೇಲಿನವರಿಗೆ ಕೆಟ್ಟ ಮಾತು ಹೇಳಲು ಹೆದರುವುದರಲ್ಲಿ ನಾನೂ ಆ ಹುಡುಗನಿಗಿಂತ ಬೇರೆಯಾಗಿರಲಿಲ್ಲ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ನಮ್ಮ ಶೀಟಿನಿಂದ ಹೆಸರಿನ ಕಾಲಮ್ ತೆಗೆದೆ. ಯಾವ ಗಂಟೆಗೆ ಏನಾಯಿತು ಎನ್ನುವ ಸಾಲುಗಳನ್ನು ಮೊದಲು ಬರೆಯುತ್ತೇವೆ. ತಪ್ಪು ಮಾಡಿದವರು ಕ್ಲೈಂಟಿನ ಮುಂದೆ ಒಬ್ಬರೇ ಉತ್ತರ ಕೊಡುವುದಿಲ್ಲ, ನಾನು ಕೊಡುತ್ತೇನೆ. ಹೊಸಬರು ಸೇರಿದ ವಾರ ಮೂರು ದಿನದ ಬ್ಯಾಕಪ್ಪಿನ ಕಥೆಯನ್ನು ‘ನಾನು ಅಪ್ರೂವ್ ಮಾಡಿದೆ’ ಎಂದು ಕರ್ತರಿಯಲ್ಲೇ ಹೇಳುತ್ತೇನೆ. ಇದೆಲ್ಲ ಮೇಲಿನವರಿಗೆ ರುಚಿಸಿತು ಎಂದಲ್ಲ. ಒಮ್ಮೆ ನನ್ನ ಬಾಸ್ ಹೆಸರು ಕೇಳಿದರು, ಟೀಮ್ ನನ್ನದು ಎಂದೆ, ಪಟ್ಟು ಹಿಡಿದರು, ಕೊಡಲಿಲ್ಲ. ಆ ವರ್ಷ ನನ್ನ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು, ಮಗಳ ಫೀಸಿಗೆ ಇಟ್ಟಿದ್ದ ಲೆಕ್ಕ ತಪ್ಪಿತು. ಮನೆಯಲ್ಲಿ ಈ ಆದರ್ಶಕ್ಕೆ ಅಂಥ ಸ್ವಾಗತವೇನೂ ಸಿಗಲಿಲ್ಲ. ಇನ್ನೊಂದು ಕಡೆ, ಬೈಯುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬ ನಾಲ್ಕು ಸಲ ಪರೀಕ್ಷಿಸದೆಯೇ ಕೋಡ್ ಬಿಟ್ಟ. ಅವನನ್ನು ಪ್ರಾಜೆಕ್ಟಿನಿಂದ ತೆಗೆಯಬೇಕಾಯಿತು. ಬಾಗಿಲು ಹಾಕಿಕೊಂಡು ಇಬ್ಬರೇ ಕೂತು ಮಾತಾಡಿದೆವು.

ಹೋದ ವರ್ಷ ನಾಂದೇಡ್‌ನ ಹುಡುಗಿಯೊಬ್ಬಳು, ಸೇರಿ ಎಂಟು ತಿಂಗಳು, ಸಂಜೆ ಆರಕ್ಕೆ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ಕೈ ಐಡಿ ಕಾರ್ಡಿನ ದಾರದಲ್ಲಿ. ಟೆಸ್ಟ್ ಎಂದುಕೊಂಡು ಲೈವ್ ಟೇಬಲ್ಲೊಂದನ್ನು ಖಾಲಿ ಮಾಡಿದ್ದಳು. ನನ್ನ ಒಳಗೆ ಏನಾಯಿತು ಎಂದು ಬರೆಯುವುದು ಬೇಡ, ಆ ‘ಯಾರು’ ಎನ್ನುವ ಮನುಷ್ಯ ಎಲ್ಲೂ ಹೋಗಿಲ್ಲ. ಅದಕ್ಕೆಂದೇ ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ಎರಡು ಗುಟುಕು ಕುಡಿದು, “ಎಷ್ಟು ಹೊತ್ತಾಯಿತು?” ಎಂದೆ. “ಆರು ನಿಮಿಷ” ಎಂದಳು. ಮುಕ್ಕಾಲು ಗಂಟೆಯಲ್ಲಿ ಎಲ್ಲ ವಾಪಸ್ ಬಂತು. ಟೀಮಿನವರಿಗೆ ಬಾಟಲಿಯ ಗುಟ್ಟು ಗೊತ್ತಾಗಿಬಿಟ್ಟಿದೆ. ಯಾರಾದರೂ ನನ್ನ ಹತ್ತಿರ ಹೋಗಿ ಬಂದರೆ “ಸರ್ ಪಾನೀ ಪಿಯಾ ಕ್ಯಾ?” ಎಂದು ವಿಚಾರಿಸಿಕೊಳ್ಳುತ್ತಾರಂತೆ.

ಅವತ್ತು ರಾತ್ರಿ ಮನೆಗೆ ಹೋಗುವಾಗ ಆರು ನಿಮಿಷ ಎಲ್ಲಿ, ನಾಲ್ಕು ದಿನ ಎಲ್ಲಿ ಎಂದು ಲೆಕ್ಕ ಹಾಕುತ್ತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರಿಂದ ಬಾಗಲಕೋಟೆಯ ಹುಡುಗನ ನಂಬರ್ ಪಡೆದೆ. ಪಡೆದು ಮೂರು ವಾರ ಸುಮ್ಮನಿದ್ದೆ. ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಗೆ ಹೋಗಿ ಫೋನ್ ಮಾಡಿದೆ.

ಈಗ ಬೆಂಗಳೂರಿನಲ್ಲಿದ್ದಾನೆ. ಇದ್ದಾರೆ ಎನ್ನಬೇಕು, ಅವರ ಕೈಕೆಳಗೂ ಆರು ಜನ ಇದ್ದಾರೆ. “ಆರಾಮ ಅದೀರೇನ್ರಿ ಸರ್?” ಎಂದು ನಿನ್ನೆ ಮಾತಾಡಿದವರಂತೆಯೇ ಕೇಳಿದರು. ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಿದೆ. ಆ ಕಾಲ್, ಬ್ಯಾಕಪ್, ರೇಟಿಂಗ್, ಕೇಕ್, ಎಲ್ಲ. ನಡುವೆ ಒಂದೆರಡು ಸಲ ಇಂಗ್ಲಿಷಿಗೆ ಜಾರಿದೆ, ಎಳೆದು ತಂದುಕೊಂಡೆ.

“ಬಿಡ್ರಿ ಸರ್, ಭಾಳ ಹಳೇ ಮಾತು” ಎಂದರು. ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು, “ಒಂದು ಕೇಳ್ಲ್ಯಾ ಸರ್? ಆ ಶೀಟಿನ್ಯಾಗ ಇನ್ನೂ ನನ್ನ ಹೆಸರು ಐತೇನ್ರಿ?”

ಆ ಪ್ರಾಜೆಕ್ಟ್ 2019ರಲ್ಲೇ ಬೇರೆ ಕಂಪನಿಗೆ ಹೋಯಿತು. ಶೀಟ್ ಕ್ಲೈಂಟಿನ ಸರ್ವರಿನಲ್ಲಿದೆ, ಅದನ್ನು ತೆರೆಯುವ ಅಧಿಕಾರ ನನಗೀಗ ಇಲ್ಲ. ಅಧಿಕಾರವಿದ್ದ ಎರಡು ವರ್ಷದಲ್ಲಿ ನಾನು ಮುಂದಿನ ಶೀಟುಗಳನ್ನು ಬದಲಿಸಿದೆ, ಆ ಒಂದನ್ನು ಮುಟ್ಟಲಿಲ್ಲ.

“ಇದೆ” ಎಂದೆ.

“ಹೂಂ” ಎಂದರು. ಆಮೇಲೆ, ಮುಂಬೈಯಲ್ಲಿ ಮಳೆ ಶುರುವಾಯಿತೇನ್ರಿ ಎಂದು ಕೇಳಿದರು.